ಯಾರೂ ಮಾತಾಡಿಸದ ಪಿಚರ್

ಡೆಲ್ಬರ್ಟ್ ಕ್ರೌಚನ ಬಾಯಿಗೆ ಬೀಗ ಹಾಕುವ ಗಂಡು ಪೆನ್ಸಿಲ್ವೇನಿಯದಲ್ಲಿ ಇನ್ನೂ ಹುಟ್ಟಿರಲಿಲ್ಲ. ಬೇಸ್‌ಬಾಲ್ ಪಿಚರನಾಗಿ ಚೆಂಡೆಸೆಯುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದವನು ಮಾತನ್ನು ಪುಕ್ಕಟೆ ಹಂಚುತ್ತಿದ್ದ. ಮಹಾಯುದ್ಧಕ್ಕೆ ಮುಂಚೆ ದೊಡ್ಡ ಲೀಗಿನಲ್ಲಿ ಎರಡೇ ವಾರ ಆಡಿದ್ದ. ೧೯೫೩ರಲ್ಲೂ ಅದನ್ನೇ ಊದುತ್ತಿದ್ದ. ಈ ಗಿರಣಿ ಊರಿನ ಬಡಕಲು ತಂಡದಿಂದ ಅಲ್ಲಿಗೆ ಇನ್ನೊಮ್ಮೆ ಕರೆ ಬರಬೇಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಐದನೇ ಇನಿಂಗ್ಸ್ ಮುಗಿಸಿ ಬೆಂಚಿಗೆ ಬಂದು ಕೂತ.

"ಆ ಬ್ಯಾಟ್ಸ್‌ಮನ್ ಮುಖ ನೋಡಿದ್ರೇನ್ರೋ? ಹರಳೆಣ್ಣೆ ಕುಡ್ದೋನ್ ಥರ ಇತ್ತು!"

ಒಬ್ಬನೂ ನಗಲಿಲ್ಲ. ಅಂಗಳದಲ್ಲಿ ಚೆಂಡು ತಡೆಯುವ ಶಾರ್ಟ್‌ಸ್ಟಾಪ್ ತನ್ನ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡ. ಹಳೇ ಗೆಳೆಯ, ಕ್ರೌಚನ ಎಸೆತ ಹಿಡಿಯುವ ಕ್ಯಾಚರ್ ಹ್ಯಾಲೊರನ್, ನೀರು ಕುಡಿಯುವ ನೆವದಲ್ಲಿ ಎದ್ದು ಆಚೆ ತುದಿಗೆ ಹೋದ.

ಕ್ರೌಚನಿಗೆ ಮೈ ಜುಮ್ಮೆಂದಿತು. ಎದುರಾಳಿಗೆ ಒಂದೇ ಒಂದು ಹಿಟ್, ಅಂದರೆ ಹೊಡೆದು ಓಡಿ ಮೊದಲ ನೆಲೆ ಮುಟ್ಟುವ ಹೊಡೆತ, ಕೊಡದೆ ಒಂಬತ್ತೂ ಇನಿಂಗ್ಸ್ ಮುಗಿಸುವುದು ಯಾವ ಪಿಚರನಿಗೂ ಜನ್ಮದ ಕನಸು. ಅಂಥದ್ದು ನಡೆಯುತ್ತಿರುವಾಗ ತಂಡದವರು ಅವನನ್ನು ಮಾತಾಡಿಸುವುದಿಲ್ಲ, ದೃಷ್ಟಿ ತಾಗುತ್ತದೆಂದು. ಹಾಗಾದರೆ ಇದು ಅದೇ! ಮೂರನೇ ಇನಿಂಗ್ಸಿನಲ್ಲಿ ಶಾರ್ಟ್‌ಸ್ಟಾಪಿನ ಪಕ್ಕದಲ್ಲಿ ಒಂದು ಚೆಂಡು ನುಸುಳಿತ್ತು, ನಿಜ. ಆದರೆ ಲೆಕ್ಕ ಬರೆಯುವವರು ಅದನ್ನು ಹಿಟ್ ಎನ್ನದೆ, ಹಿಡಿಯದೆ ಬಿಟ್ಟ ಶಾರ್ಟ್‌ಸ್ಟಾಪನ ತಪ್ಪಿಗೇ ಹಾಕಿರಬೇಕು. ಇಲ್ಲದಿದ್ದರೆ ಇಷ್ಟು ಮೌನ ಎಲ್ಲಿಂದ ಬಂತು? ಅಂಗಳದ ಫಲಕದಲ್ಲಿ ಬರೀ ರನ್ ಹಾಕುತ್ತಿದ್ದರು: ಒಂದು, ಸೊನ್ನೆ. ಆ ಒಂದು ಇವರದು.

ಕ್ರೌಚ್ ಬಾಯಿ ಮುಚ್ಚಿದ. ತಾಯಿ ಕಂಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದಳು. ಮನಸ್ಸಿನಲ್ಲೇ ನಾಳೆಯ ಪತ್ರಿಕೆ ಓದಿದ. ದೊಡ್ಡ ಲೀಗಿನವರ ಫೋನಿಗೆ "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಬಿಗುಮಾನದ ಉತ್ತರವನ್ನೂ ಕೊಟ್ಟ. ಒಂದು ಮಾತ್ರ ಒಪ್ಪಲೇಬೇಕು. ಹೊಟ್ಟೆ ಮುಂದೆ ಬಂದ ಆ ಬಡಾಯಿಕೋರ ಕೊನೆಯ ನಾಲ್ಕು ಇನಿಂಗ್ಸ್ ಎಸೆದದ್ದನ್ನು ನೋಡಿದರೆ ಕಣ್ಣು ತುಂಬಿ ಬರುವಂತಿತ್ತು.

ಕೊನೆಯ ಬ್ಯಾಟ್ಸ್‌ಮನ್ ಗಾಳಿಗೆ ಬೀಸಿ ಔಟಾದ. ಕ್ರೌಚ್ ಟೋಪಿ ಎಸೆದು, ಮಂಡಿಯೂರಿ, ತೋಳು ಚಾಚಿದ. ಅಪ್ಪಿಕೊಳ್ಳಲು ಯಾರೂ ಓಡಿ ಬರಲಿಲ್ಲ. ಜನ ಬಿಯರಿನ ಕೊನೆಯ ಗುಟುಕು ಮುಗಿಸಿ ಮನೆ ಕಡೆ ಹೊರಟಿದ್ದರು. ಹ್ಯಾಲೊರನ್ ಒಬ್ಬನೇ ಕಾಲೆಳೆದುಕೊಂಡು ಬಂದ.

"ಏಳೋ ಮಾರಾಯ. ಏನಿದು ನಾಟಕ?"

"ಒಂದೂ ಹಿಟ್ ಕೊಟ್ಟಿಲ್ವಲ್ಲೋ ಕತ್ತೆ! ಇನ್ನಾದ್ರೂ ಬಾಯಿ ಬಿಡು!"

"ಮೂರನೇದ್ರಲ್ಲಿ ಹೋಯ್ತಲ್ಲ, ಅದು ಹಿಟ್ ಕಣೋ. ಅದ್ರಲ್ಲಿ ಯಾರಿಗೂ ಅನುಮಾನ ಇಲ್ಲ."

"ಮತ್ಯಾಕ್ರೋ ಎಲ್ಲಾ ಬಾಯಿಗೆ ಬೆಣೆ ಹೊಡ್ಕೊಂಡು ಕೂತಿದ್ರಿ?"

ಹ್ಯಾಲೊರನ್ ಬೆಂಚಿನ ಕಡೆ ನೋಡಿದ. ಮ್ಯಾನೇಜರ್ ಜೇಬಿನಲ್ಲಿ ಕೈ ತುರುಕಿಕೊಂಡು ಹುಲ್ಲನ್ನು ಪರೀಕ್ಷಿಸುತ್ತಿದ್ದ.

"ನಿನ್ನ ತೆಗೆದ್ಹಾಕಿದಾರೆ, ಡೆಲ್. ಬೇರೆ ಪಿಚರ್ ನಾಳೆ ಬರ್ತಾನೆ. ಇವತ್ತು ಎಸೆಯೋಕೆ ಒಬ್ಬ ಬೇಕಿತ್ತಲ್ಲ, ಆಟ ಮುಗಿಯೋವರ್ಗೂ ಯಾರೂ ಉಸಿರೆತ್ತಬೇಡಿ ಅಂದ್ರು."

ಕ್ರೌಚ್ ಮಂಡಿಯೂರಿದ್ದಲ್ಲಿಂದ ಏಳಲಿಲ್ಲ.

"ಐದನೇ ಇನಿಂಗ್ಸ್ ಹೊತ್ತಿಗೆ ಗೊತ್ತಾಯ್ತಾ ನಿಮ್ಗೆ?"

"ಬೆಳಿಗ್ಗೆ ತಿಂಡಿ ಹೊತ್ತಿಗೇ ಗೊತ್ತಾಯ್ತು," ಅಂದ ಹ್ಯಾಲೊರನ್. "ಆವಾಗಿಂದ್ಲೂ ನಿನ್ ಹತ್ರ ಯಾರೂ ಮಾತಾಡಿಲ್ಲ ಡೆಲ್. ನೀನೇ ಮಾತಾಡ್ತಿದ್ದೆ."