ಹವಾಮಾನದಣ್ಣನ ಮನೆಯಿಂದ ಬಂದ ಕರೆ

ಟೀವಿಯಲ್ಲಿ ಹವಾಮಾನ ಹೇಳುವ ಆತನನ್ನು ಊರೆಲ್ಲ ಹವಾಮಾನದಣ್ಣ ಎಂದೇ ಕರೆಯುತ್ತಿತ್ತು. ಹವಾಮಾನದ ಬಗ್ಗೆ ಆತನಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಕೋಟು ಚೆನ್ನಾಗಿ ಒಪ್ಪುತ್ತಿತ್ತು, ದನಿ ಗಂಭೀರವಾಗಿತ್ತು. ಟೀವಿಗೆ ಇನ್ನೇನು ಬೇಕು? ಹೆಂಡತಿ ತಾರಾಲಯದಲ್ಲಿ ಉಪನ್ಯಾಸಕಿ. ಹೀಗಾಗಿ ಆ ಮನೆಯಲ್ಲಿ ತಿಳಿದವಳು ಕತ್ತಲಲ್ಲಿ ನಿಂತು ಮಾತಾಡುತ್ತಿದ್ದಳು, ತಿಳಿಯದವನು ಝಗಝಗಿಸುವ ದೀಪದ ಕೆಳಗೆ.

ಒಂದು ಚಳಿಗಾಲ ಆತ, “ಭೂಮಿ ಸೂರ್ಯನಿಂದ ದೂರ ಹೋಗಿದೆ, ಅದಕ್ಕೇ ಈ ಚಳಿ” ಎಂದು ನಾಡಿಗೆಲ್ಲ ಸಾರಿ ಊಟಕ್ಕೆ ಬಂದ.

“ರೀ, ಈಗ ನಾವು ಸೂರ್ಯನಿಗೆ ಹತ್ತಿರಾನೇ ಇದೀವಿ,” ಎಂದಳು ಹೆಂಡತಿ. “ಭೂಮಿ ಓರೆಯಾಗಿ ಸುತ್ತುತ್ತೆ. ನಮ್ಮ ಕಡೆ ಸೂರ್ಯನತ್ತ ಬಾಗಿದಾಗ ಬಿಸಿಲು ನೆತ್ತಿ ಮೇಲೆ, ಹಗಲೂ ಉದ್ದ. ಆಚೆ ಬಾಗಿದಾಗ ಬಿಸಿಲು ಓರೆ, ಹಗಲು ಗಿಡ್ಡ. ಅದೇ ಚಳಿಗಾಲ.”

“ಹತ್ತಿರ ಇದ್ದೂ ಚಳಿಯಾ?”

“ಯಾಕಾಗಲ್ಲ?” ಎಂದರು ಆತನ ಅಮ್ಮ. “ನಿಮ್ಮಪ್ಪ ನನ್ನ ಪಕ್ಕದಲ್ಲೇ ಕೂತಿರ್ತಿದ್ರು. ನನಗೇನು ಬೆಚ್ಚಗಿತ್ತಾ?”

ಆತ ನಗಲಿಲ್ಲ. ಆ ಓರೆ ಯಾವಾಗಲೂ ಅಷ್ಟೇ ಇರುತ್ತಾ ಎಂದು ಹೆಂಡತಿಯನ್ನು ಕೇಳಿದ. ಆಕೆ ಹಿಗ್ಗಿಹೋದಳು. ಹತ್ತಾರು ಸಾವಿರ ವರ್ಷಗಳಲ್ಲಿ ಆ ಓರೆ ತುಸು ಹೆಚ್ಚಿ ತುಸು ತಗ್ಗುತ್ತದೆ, ಸುತ್ತುವ ದಾರಿಯೂ ಒಮ್ಮೆ ದುಂಡಗೆ ಒಮ್ಮೆ ಉದ್ದಕ್ಕೆ ಆಗುತ್ತದೆ, ಹಿಮಯುಗಗಳು ಬಂದು ಹೋದದ್ದು ಇದರಿಂದಲೇ ಎಂದು ವಿವರಿಸಿದಳು. ಮದುವೆಯಾದ ಮೇಲೆ ಗಂಡ ಇಷ್ಟು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಅಲ್ಲೇ ಅನುಮಾನ ಬರಬೇಕಿತ್ತು. ಉಳಿದದ್ದನ್ನು ಹೇಳುವಷ್ಟರಲ್ಲಿ ಆತ ಕೈ ತೊಳೆಯಲು ಎದ್ದಿದ್ದ.

ಬೇಸಿಗೆ ಬಂತು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟತೊಡಗಿತು. ತಾರಾಲಯಕ್ಕೆ ಮಕ್ಕಳನ್ನು ಕರೆತಂದ ಮೇಷ್ಟ್ರೊಬ್ಬರು ಆಕೆಗೆ ಕೈಮುಗಿದು, “ನಿಮ್ಮ ಯಜಮಾನ್ರು ನಿನ್ನೆ ಎಷ್ಟು ಚೆನ್ನಾಗಿ ಹೇಳಿದ್ರು ಮೇಡಂ! ಈ ಸೆಕೆಗೂ ಹೊಗೆಗೂ ಸಂಬಂಧಾನೇ ಇಲ್ವಂತೆ. ಭೂಮಿ ವಾಲಾಡ್ತಿದೆಯಂತೆ, ಅಷ್ಟೇ!” ಎಂದರು.

ಆಕೆಗೆ ಮೈ ಉರಿದುಹೋಯಿತು. ಗಂಡನ ಕಾರ್ಯಕ್ರಮಕ್ಕೆ ಜಾಹೀರಾತು ಕೊಡುತ್ತಿದ್ದದ್ದು ಕಲ್ಲಿದ್ದಲು ಕಂಪನಿಯೆಂಬುದು ಆಗ ನೆನಪಾಯಿತು. ಸಂಜೆ ನೇರಪ್ರಸಾರಕ್ಕೆ ಫೋನ್ ಹಚ್ಚಿದಳು.

“ಹೇಳಿ ಮೇಡಂ, ಎಲ್ಲಿಂದ ಮಾತಾಡ್ತಿದೀರಿ?”

“ನಿಮ್ಮ ಮನೆ ಅಡುಗೆಮನೆಯಿಂದ.”

ಹವಾಮಾನದಣ್ಣನ ಕೋಟಿನೊಳಗೇ ಬೇಸಿಗೆ ಶುರುವಾಯಿತು.

“ಆ ವಾಲಾಟ ನಿಜ. ಆದ್ರೆ ಅದು ಸಾವಿರಾರು ವರ್ಷಗಳ ನಿಧಾನದ ಕೆಲಸ ಕಣ್ರೀ. ಅದರ ಪ್ರಕಾರ ಈಗ ಭೂಮಿ ಮೆಲ್ಲಗೆ ತಣ್ಣಗಾಗ್ತಿರಬೇಕಿತ್ತು. ನಿಮ್ಮ ಮುತ್ತಜ್ಜನ ಕಾಲದಿಂದ ಈಚೆಗೆ ಇಷ್ಟು ಬಿಸಿಯಾಗಿರೋದು ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲಿನಿಂದ. ಅರ್ಧ ಕೇಳಿ ಎದ್ದು ಹೋಗಿ, ಅದನ್ನೇ ಊರಿಗೆಲ್ಲ ಹಂಚಿದ್ರಲ್ಲ!”

“ವೀಕ್ಷಕರೇ, ಕರೆ ಕಟ್ ಆಗಿದೆ…”

“ಕಟ್ ಆಗಿಲ್ಲ ಕಣೋ, ಇಲ್ಲೇ ಇದೀವಿ!” ಹಿಂದಿನಿಂದ ಅಮ್ಮನ ದನಿ ನಾಡಿಗೆಲ್ಲ ಕೇಳಿಸಿತು.

ಅಂದು ಆತ ಮನೆಗೆ ಬಂದವನು ಹೊಸ್ತಿಲಲ್ಲೇ ನಿಂತ. “ಮಾನ ಕಳೆದೆಯಲ್ಲೇ,” ಎಂದ.

“ನಿಮ್ಮದು ಹೋದ್ರೆ ನಾಳೆ ಬರುತ್ತೆ. ನಿಮ್ಮ ಮಾತು ನಂಬಿದ ಮೇಷ್ಟ್ರ ತಲೆಗೆ ಹೋಗಿದ್ದನ್ನ ತೆಗೆಯೋರು ಯಾರು?”

ಆತ ಕೋಟು ಕಳಚುತ್ತ, “ಪೂರ್ತಿ ಕೇಳಬೇಕಿತ್ತು,” ಎಂದು ಗೊಣಗಿದ. ಆಕೆಗೆ ಪಾಪ ಎನಿಸಿತು. ಆದರೂ ತಟ್ಟೆಯನ್ನು ಆತನೇ ಹಾಕಿಕೊಳ್ಳಲಿ ಎಂದು ಬಿಟ್ಟಳು.

ಕಂಪನಿ ಜಾಹೀರಾತು ಹಿಂತೆಗೆದುಕೊಂಡಿತು. ಕೆಲಸ ಹೋಯಿತೆಂದೇ ಆತ ಎಣಿಸಿದ್ದ. ಆದರೆ ಚಾನೆಲ್ಲಿನ ಮುಖ್ಯಸ್ಥರು ಕುಣಿದಾಡುತ್ತಿದ್ದರು: ಜನ ಹಿಂದೆಂದೂ ಇಷ್ಟು ಆಸೆಯಿಂದ ಹವಾಮಾನ ನೋಡಿರಲಿಲ್ಲವಂತೆ. ಫ್ಯಾನ್ ಕಂಪನಿಯೊಂದು ಓಡೋಡಿ ಬಂತು. ವಾರಕ್ಕೊಮ್ಮೆ ಹೆಂಡತಿಯೂ ಕಾರ್ಯಕ್ರಮದಲ್ಲಿ ಕೂರಬೇಕೆಂದರು ಮುಖ್ಯಸ್ಥರು. ತಾನು ಮಾತಾಡುವಾಗ ಗಂಡ ಬಾಯಿ ಹಾಕಬಾರದೆಂದು ಆಕೆ ಒಡ್ಡಿದ ಷರತ್ತಿಗೆ ಆತನೇ ಮೊದಲು ಒಪ್ಪಿದ.

ಮೊದಲ ವಾರ ಕರೆ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು, ಆಕೆಯ ಕನ್ನಡಕ ಯಾವ ಅಂಗಡಿಯದ್ದು ಎಂದು. ಆಕೆ ತಾಳ್ಮೆಯಿಂದ ಅಂಗಡಿಯ ದಾರಿ ಹೇಳಿ, ಅದೇ ಉಸಿರಿನಲ್ಲಿ ಭೂಮಿಯ ಓರೆಗೆ ಬಂದಳು.