ದೊರೆಸಾನಿಯ ರಾಯಭಾರ

ಮಗ ಕೊಟ್ಟಿಗೆಯ ಮೇಲಿಂದ ಬಿದ್ದು ತೀರಿಕೊಂಡ ಮೇಲೆ ಮಾವ ಸೊಸೆಯ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹಾಗಂತ ಆ ಮನೆಯಲ್ಲಿ ಮಾತಿಗೆ ಬರವಿತ್ತು ಅಂದುಕೊಳ್ಳಬೇಡಿ. ಮಾತೆಲ್ಲ ಹಸುವಿನ ಮೂಲಕ ನಡೆಯುತ್ತಿತ್ತು.

ಹಸುವಿನ ಹೆಸರು ದೊರೆಸಾನಿ. ಹೆಸರಿಗೆ ತಕ್ಕ ಬಿಂಕ. "ದೊರೆಸಾನಿ, ಹಿಂಡಿ ಮುಗೀತಾ ಬಂತು ಅಂತ ಅವಳಿಗೆ ಹೇಳು" ಎಂದು ಮಾವ ಅದರ ಬೆನ್ನು ಸವರುತ್ತ ಗಟ್ಟಿಯಾಗಿ ಹೇಳುವರು. ಅಲ್ಲೇ ಸಗಣಿ ಬಾಚುತ್ತಿದ್ದ ಸೊಸೆ, "ನಿನ್ನೆನೇ ತಂದಿಟ್ಟಿದೀನಿ, ಬಾಗಿಲ ಹಿಂದೆ ನೋಡೋಕೆ ಹೇಳು ದೊರೆಸಾನಿ" ಎನ್ನುವಳು. ದೊರೆಸಾನಿ ಮೆಲುಕು ಹಾಕುತ್ತ ಇಬ್ಬರ ಕಡೆಗೂ ಒಂದೊಂದು ಕಿವಿ ಅಲ್ಲಾಡಿಸುವಳು. "ಈ ಹಸುಗೆ ಮೇವಿನ ಜೊತೆ ಸಂಬಳಾನೂ ಕೊಡಬೇಕು" ಎಂದು ಹಾಲಿನ ವ್ಯಾನಿನವನು ನಗುತ್ತಿದ್ದ.

ಮಗ ಬಿದ್ದ ದಿನ ಜೋರು ಗಾಳಿ. ಸಡಿಲಾಗಿ ಬಡಿದುಕೊಳ್ಳುತ್ತಿದ್ದ ಚಾವಣಿಯ ತಗಡು ನೋಡಿ, "ಮಳೆ ಬರೋಕೆ ಮುಂಚೆ ಅದಕ್ಕೊಂದು ಮೊಳೆ ಹೊಡೀರಿ" ಎಂದವಳು ಸೊಸೆ. ಮಗ ಹತ್ತಿದ, ಜಾರಿದ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಸೊಸೆ ತಾನೇ ಏಣಿ ಹಾಕಿ ಹತ್ತಿ ಅದೇ ತಗಡಿಗೆ ಮೊಳೆ ಹೊಡೆದಳು. ಅಂಗಳದಲ್ಲಿ ನಿಂತು ನೋಡಿದ ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಇವಳದು ಹೆಂಗರುಳೋ ಕಲ್ಲೋ ಅಂದುಕೊಂಡರು. ಅವರು ಬಾಯಿ ಮುಚ್ಚಿಕೊಂಡದ್ದು ಅಂದಿನಿಂದ.

ಆದರೆ ಕಣ್ಣು ಮುಚ್ಚಿಕೊಳ್ಳಲಾಗಲಿಲ್ಲವಲ್ಲ! ಮಗನಿದ್ದಾಗ ತುಂಬಿದ್ದ ಕೊಟ್ಟಿಗೆ ಬರಿದಾಗುತ್ತ ಬಂದಿತ್ತು, ಮೇವಿನ ಹೊಲ ಅರ್ಧ ಬೀಳುಬಿದ್ದಿತ್ತು. ಉಳಿದರ್ಧವನ್ನು ಅವಳೊಬ್ಬಳೇ ಎತ್ತಿ ಹಿಡಿದಿದ್ದಳು. ಪಂಪು ಕೆಟ್ಟರೆ ಬಿಚ್ಚಿ ಕೂರುವವಳು ಅವಳು, ಬೇಲಿ ಮುರಿದರೆ ಗುಂಡಿ ತೋಡುವವಳು ಅವಳು. ಜ್ವರ ಬಂದು ಮೈ ಸುಡುತ್ತಿದ್ದರೂ ಹಾಲು ಕರೆಯುವ ಹೊತ್ತಿಗೆ ಬಕೆಟ್ಟು ಹಿಡಿದು ಹಾಜರು. ಎಂಥ ಹೆಣ್ಣಪ್ಪಾ ಎಂದು ಮಾವನಿಗೆ ದಿನವೂ ಅನಿಸುತ್ತಿತ್ತು. ಅನಿಸಿದ್ದು ಗಂಟಲ ತನಕ ಬಂದು ಅಲ್ಲೇ ಕೂತುಬಿಡುತ್ತಿತ್ತು. ಮುದುಕರ ಹಟ, ಕೇಳಬೇಕೆ!

ದೊರೆಸಾನಿಗೆ ದಿನ ತುಂಬಿತ್ತು. ಒಂದು ಬೆಳಿಗ್ಗೆ ಅದಕ್ಕೆ ನೀರಿಡುತ್ತ ಸೊಸೆ ಹೇಳಿದಳು: "ಮಾವನಿಗೆ ಹೇಳು ದೊರೆಸಾನಿ. ನಿನ್ನ ಬಾಣಂತನ ಮುಗಿಸಿ ನಾನು ತಂಗಿ ಮನೆಗೆ ಹೋಗಿಬಿಡ್ತೀನಿ. ಹಸು ಜೊತೆ ಮಾತಾಡಿಕೊಂಡು ಬದುಕೋಕೆ ಇನ್ನು ನನ್ನ ಕೈಲಿ ಆಗಲ್ಲ."

ಮಾವ ಹಸುವಿನ ಕಡೆ ತಿರುಗಿ "ದೊರೆಸಾನಿ..." ಎಂದರು. ಹಿಂಡಿಯ ಸುದ್ದಿಯನ್ನೇನೋ ಹಸುವಿನ ಕೈಲಿ ಹೇಳಿಕಳಿಸಬಹುದು. ಹೋಗಬೇಡ ಅನ್ನುವುದನ್ನು ಹೇಗೆ ಕಳಿಸುವುದು?

ಮರುದಿನ ಮಧ್ಯಾಹ್ನ ನೋವು ಶುರುವಾಯಿತು. ಕರುವಿನ ಮುಂಗಾಲು ಎರಡೂ ಕಂಡವು, ತಲೆ ಮಾತ್ರ ಕಾಣಲಿಲ್ಲ. ಪಶುವೈದ್ಯರು ಸಂಜೆಯ ತನಕ ಬರಲಾಗುವುದಿಲ್ಲ ಎಂದು ಫೋನಿನಲ್ಲಿ ಕೈಚೆಲ್ಲಿದರು. ಮಾವ ಅಂಗಿಯ ತೋಳು ಮಡಚಿದರು, ಆದರೆ ಗಂಟುಗಟ್ಟಿದ ಬೆರಳುಗಳು ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಸೊಸೆ ಮೊಣಕೈ ದಾಟಿ ಸೋಪು ಹಚ್ಚಿಕೊಂಡು ಹುಲ್ಲಿನ ಮೇಲೆ ಮಲಗಿ ಕೈ ಒಳಗಿಟ್ಟಳು.

"ತಲೆ ಹಿಂದಕ್ಕೆ ತಿರುಗಿದೆ" ಎಂದಳು.

"ದೊರೆಸಾನಿ, ಮೊದಲು ಕಾಲು ಒಳಕ್ಕೆ ತಳ್ಳೋಕೆ ಹೇಳು ಅವಳಿಗೆ." ಮಾವನ ಬಾಯಿಂದ ಅಭ್ಯಾಸಬಲದಲ್ಲಿ ಬಂತು. ದೊರೆಸಾನಿ ಕಣ್ಣು ಮೇಲೆ ಮಾಡಿ ನರಳಿದಳು.

"ಅವಳಿಗೆ ತನ್ನ ಜೀವಾನೇ ಭಾರ ಆಗಿದೆ ಮಾವ!" ಸೊಸೆ ಕಿರುಚಿದಳು. "ಹೇಳೋದಿದ್ರೆ ನನಗೇ ಹೇಳಿ!"

ಮಾವ ದಡಬಡಿಸಿ ಬಂದು ಅವಳ ಪಕ್ಕದಲ್ಲಿ ಮಂಡಿಯೂರಿದರು. "ಅವಳು ತಿಣುಕೋದು ನಿಲ್ಲಿಸಿದಾಗ ತಳ್ಳಮ್ಮ. ಹಾಂ. ಮೂತಿ ಸಿಕ್ತಾ? ಅಂಗೈಲಿ ಮುಚ್ಚಿ ಹಿಡಿ, ಹಲ್ಲು ಒಳಗೆ ತಾಗಬಾರದು. ಮೆಲ್ಲಗೆ ಈ ಕಡೆ ತಿರುಗಿಸು."

"ಜಾರ್ತಿದೆ ಮಾವ."

"ಜಾರಲಿ, ಮತ್ತೆ ಹಿಡಿ. ಈ ಮನೇಲಿ ನಿನ್ನ ಕೈಲಿ ಆಗದೆ ಇರೋದು ಏನಿದೆ?"

ಸೊಸೆ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಹಲ್ಲು ಕಚ್ಚಿ ಮತ್ತೆ ಹಿಡಿದಳು. ತಲೆ ತಿರುಗಿತು. ಕಾಲಿಗೆ ಹಗ್ಗ ಹಾಕಿ, ದೊರೆಸಾನಿ ತಿಣುಕಿದಾಗಲೆಲ್ಲ ಇಬ್ಬರೂ ಸೇರಿ ಎಳೆದರು. ಕರು ಹುಲ್ಲಿನ ಮೇಲೆ ಜಾರಿಬಿದ್ದು ಸೀನಿತು.

ಸುಸ್ತಾಗಿ ಇಬ್ಬರೂ ಗೋಡೆಗೊರಗಿ ಕೂತರು. ಹೊರಗೆ ಗಾಳಿ ಎದ್ದಿತ್ತು. ಮೇಲೆ ತಗಡು ಮಿಸುಕಲಿಲ್ಲ.

"ಗಟ್ಟಿಯಾಗಿ ಹೊಡೆದಿದೀಯ" ಎಂದರು ಮಾವ.

"ಅದು ಬಡಿದಾಗೆಲ್ಲ ಅವರು ಬಿದ್ದ ಹಾಗೇ ಕೇಳಿಸ್ತಿತ್ತು. ತಡೆಯೋಕಾಗಲಿಲ್ಲ. ಅದಕ್ಕೇ ಹತ್ತಿದೆ."

ಮಾವನ ಗಂಟಲಲ್ಲಿ ಕೂತಿದ್ದದ್ದು ಕೊನೆಗೂ ಎದ್ದಿತು. "ಅವತ್ತು ಮೊಳೆ ಹೊಡಿ ಅಂತ ನಾನೇ ಅವನಿಗೆ ಹೇಳೋನಿದ್ದೆ. ನೀನು ಮೊದಲು ಹೇಳಿಬಿಟ್ಟೆ, ಅಷ್ಟೇ. ಎಲ್ಲ ನಿನ್ನ ತಲೆಗೆ ಕಟ್ಟಿ ನಾನು ತಪ್ಪಿಸಿಕೊಂಡೆ."

ಸೊಸೆ ಸೋಪು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ಮಾವ ನೋಡಿದ್ದು ಅದೇ ಮೊದಲು. ಅವರೂ ಅತ್ತರು.

"ಹೋಗಬೇಡ ಮಗಳೇ" ಎಂದರು.

ಸೊಸೆ ಮೂಗೊರೆಸಿಕೊಂಡು, ಅಳುವಿನ ನಡುವೆಯೇ ಸಣ್ಣಗೆ ನಕ್ಕಳು. "ದೊರೆಸಾನಿ, ಮಾವ ಏನೋ ಹೇಳ್ತಿದಾರೆ, ಕೇಳಿಸ್ತಾ?"

ದೊರೆಸಾನಿ ಕರುವನ್ನು ನೆಕ್ಕುತ್ತಿದ್ದಳು. ಕಿವಿ ಕೂಡ ಅಲ್ಲಾಡಿಸಲಿಲ್ಲ.

"ಅವಳಿಗಲ್ಲ" ಎಂದರು ಮಾವ. "ನಿನಗೇ ಹೇಳಿದ್ದು."