ಸಣ್ಣ ಗೇರ್ ಹಿಡಿದು ಕೂತವಳು

ಟೈಲರಕ್ಕನಿಗೆ ಆ ಜೀಪನ್ನು ಕಂಡರೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಅಂದರೆ ಸುಮ್ಮನೆ ಮುಖ ಸಿಂಡರಿಸುವಷ್ಟಲ್ಲ. ಬೆಳಿಗ್ಗೆ ಎದ್ದು ಕಿಟಕಿಯಿಂದ ಅದು ಅಂಗಳದಲ್ಲಿ ನಿಂತಿದ್ದನ್ನು ನೋಡಿದರೆ ಸಾಕು, ಬಲಭುಜದ ನೋವು ತಾನಾಗಿ ಏಳುತ್ತಿತ್ತು. ಗಾಡಿ ಇನ್ನೂ ಸ್ಟಾರ್ಟ್ ಕೂಡ ಆಗಿರುವುದಿಲ್ಲ, ಇವಳ ಭುಜ ಆಗಲೇ ಗುಡ್ಡ ಹತ್ತಿ ಇಳಿದು ಬಂದಿರುತ್ತಿತ್ತು.

ಸಂಗತಿ ಇಷ್ಟೇ. ಅವಳ ಗಂಡನದು ಗುಡ್ಡಗಳ ಮೇಲಿನ ಫೋನ್ ಟವರುಗಳ ಜನರೇಟರ್ ನೋಡಿಕೊಳ್ಳುವ ಕೆಲಸ. ಆಯಿಲ್ ಬದಲಾಯಿಸಬೇಕು, ಬ್ಯಾಟರಿಗೆ ನೀರು ಹಾಕಬೇಕು, ಸವೆದ ಬೆಲ್ಟು ಕಿತ್ತು ಹೊಸದು ಹಾಕಬೇಕು. ಟವರ್ ಕಟ್ಟಿದ ಪುಣ್ಯಾತ್ಮರು ಅಲ್ಲಿಗೆ ಒಂದು ರಸ್ತೆ ಮಾಡುವುದನ್ನು ಮರೆತಿದ್ದರು. ಕಲ್ಲು, ಕೊರಕಲು, ಜಾರುವ ಮಣ್ಣು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಸಿಗುವ ಗಾಡಿ ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಕೈಚೆಲ್ಲಿ ಕೂರಬೇಕು. ಆ ಬಲ ಕೊಡುವುದಕ್ಕೆ ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕದಲ್ಲೇ ಇನ್ನೊಂದು ಸಣ್ಣ ಗೇರ್ ಇತ್ತು. ಹಾಕಿದ ಮೇಲೆ ಹಾಕಿದಲ್ಲೇ ಇರಬೇಕು ತಾನೆ? ಇರುತ್ತಿರಲಿಲ್ಲ. ಏರು ಶುರುವಾಗಿ ಇಂಜಿನ್ನಿನ ಮೇಲೆ ಭಾರ ಬಿದ್ದ ಕೂಡಲೇ ಟಕ್ ಅಂತ ಹಾರಿ ಹಿಂದಕ್ಕೆ ಬರುತ್ತಿತ್ತು. ಗಂಡನ ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ದೊಡ್ಡ ಗೇರಿನ ಮೇಲೆ. ಮೂರನೇ ಕೈಯನ್ನು ದೇವರು ಯಾರಿಗೂ ಕೊಟ್ಟಿಲ್ಲ. ಹಾಗಾಗಿ ಮೂರನೇ ಕೈ ಹೆಂಡತಿಯದಾಯಿತು.

ಪಕ್ಕದ ಸೀಟಿನಲ್ಲಿ ಕೂತು, ಬಲಗೈಯಲ್ಲಿ ಆ ಸಣ್ಣ ಗೇರನ್ನು ಒತ್ತಿ ಹಿಡಿಯಬೇಕು. ಏರು ಮುಗಿಯುವ ತನಕ ಬಿಡಬಾರದು. ಬಿಟ್ಟರೆ ಗಾಡಿ ಹಿಂದಕ್ಕೆ ಜಾರುತ್ತದೆ. ಮೊದಮೊದಲು ಹಗ್ಗ ಕಟ್ಟಿ ನೋಡಿದ್ದರು, ಹಳೇ ಟ್ಯೂಬಿನ ರಬ್ಬರು ಸುತ್ತಿ ನೋಡಿದ್ದರು. "ಅದೆಲ್ಲ ಜಾರುತ್ತೆ ಕಣೇ, ನಿನ್ನ ಕೈ ಇದ್ರೇ ಸರಿ" ಅಂದಿದ್ದರು ಯಜಮಾನರು. ಅವತ್ತು ಹತ್ತಿ ಕೂತವಳು ಆರು ವರ್ಷವಾದರೂ ಇಳಿದಿಲ್ಲ.

ಟೈಲರಕ್ಕ ಅಂತ ಬೀದಿಯವರೆಲ್ಲ ಕರೆಯುವುದು ಸುಮ್ಮನೆ ಅಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೆ ಒರಗಿಸಿದ ಯೂನಿಫಾರಂ ಬಟ್ಟೆಯ ಥಾನುಗಳು. ಕತ್ತರಿ ಹಿಡಿದರೆ ಗೆರೆ ಎಳೆಯದೇ ಕತ್ತರಿಸಬಲ್ಲಳು ಅಂತ ಹೆಸರಿತ್ತು. ಇತ್ತು ಅಂತಲೇ ಹೇಳಬೇಕು. ಈಗೀಗ ಗುಡ್ಡಕ್ಕೆ ಹೋಗಿ ಬಂದ ಮಾರನೇ ದಿನ ಕತ್ತರಿ ಅರ್ಧಕ್ಕೇ ನಿಲ್ಲುತ್ತಿತ್ತು. ತೋಳೆತ್ತಿ ಹೊಲಿದ ಕೋಟನ್ನು ಗೂಟಕ್ಕೆ ನೇತು ಹಾಕುವುದಕ್ಕೂ ಎಡಗೈಯೇ ಬೇಕು. ಡಾಕ್ಟರು ಒತ್ತಿ, ತಿರುಗಿಸಿ ನೋಡಿ, ಭಾರದ ಕೆಲಸ ಹೀಗೇ ಮುಂದುವರಿಸಿದರೆ ಈ ಕೈ ಮೇಲೇಳುವುದು ಕಷ್ಟ ಅಂದಿದ್ದರು. ಕೈ ಹೋದರೆ ಟೈಲರಕ್ಕನಿಗೆ ಉಳಿಯುವುದೇನು? ಬರೀ ಅಕ್ಕ.

ಅಷ್ಟರಲ್ಲಿ ಅವಳ ತಮ್ಮ ಬಂದ. ಹಳೇ ಗಾಡಿ ಕೊಂಡು ಮಾರುವುದು ಅವನ ವ್ಯಾಪಾರ. ಮಾತಿನಲ್ಲಿ ಎತ್ತಿದ ಕೈ. "ಭಾವ, ಒಂದು ಒಳ್ಳೇ ಗಾಡಿ ಬಂದಿದೆ. ಒಬ್ಬ ಓನರ್ ಓಡಿಸಿದ್ದು. ಗುಡ್ಡ ಬಂತಾ, ಒಂದು ಬಟನ್ ಒತ್ತಿ, ಅಷ್ಟೇ. ನಾಲ್ಕೂ ಚಕ್ರ ಅದೇ ಹಿಡ್ಕೊಳ್ಳುತ್ತೆ. ಈ ಜೀಪು ತಾತನ್ನ ನಾನೇ ತಗೊಂಡ್ ಹೋಗ್ತೀನಿ. ಶನಿವಾರದೊಳಗೆ ಹೇಳಿ, ಇನ್ನೊಬ್ಬ ಕೇಳ್ತಾ ಕೂತಿದಾನೆ."

"ನೋಡೋಣ" ಅಂದರು ಯಜಮಾನರು.

ಆ ಮನೆಯಲ್ಲಿ 'ನೋಡೋಣ'ಕ್ಕೆ ಒಂದು ಚರಿತ್ರೆಯೇ ಇತ್ತು. ಸೋರುವ ನಲ್ಲಿಯನ್ನು ನೋಡೋಣ ಅಂದಿದ್ದರು, ಅದು ಈಗಲೂ ಸೋರುತ್ತಲೇ ಇದೆ. ಟೈಲರಕ್ಕನಿಗೆ ಪಿತ್ತ ನೆತ್ತಿಗೇರಿತು.

"ನೋಡೋದೇನ್ರೀ ನೋಡೋದು? ನನ್ನ ಕೈ ನೋಡಿ" ಅಂದಳು.

ಯಜಮಾನರ ಹತ್ತಿರ ಕಾರಣಗಳಿಗೇನು ಬರವೇ. ಹೊಸ ಗಾಡಿಗಳಲ್ಲಿ ಬರೀ ವೈರು, ಗುಡ್ಡದ ಮೇಲೆ ಕೈಕೊಟ್ಟರೆ ಯಾರು ಬಿಚ್ಚುತ್ತಾರೆ? ಇದಾದರೆ ಎಲ್ಲಿ ಏನು ಕಿರುಗುಟ್ಟುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಇಂಜಿನ್ ಇನ್ನೂ ಗಟ್ಟಿ ಇದೆ. ಹೀಗೆ ಅಡ್ಡಗೋಡೆ ಮೇಲೆ ದೀಪ ಇಡುತ್ತಾ ಹೋದರು. ಕೊನೆಗೆ, "ಮೆಕ್ಯಾನಿಕ್ ಕೈಲಿ ಒಂದ್ಸಲ ಪೂರ್ತಿ ನೋಡಿಸ್ತೀನಿ. ಅವನು ಆಗಲ್ಲ ಅಂದ್ರೆ ಕೊಟ್ಟುಬಿಡೋಣ" ಅಂದು ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ಬಂದರು. ಟೈಲರಕ್ಕ ಜಗಳ ಮುಂದುವರಿಸಲಿಲ್ಲ. ಜಗಳಕ್ಕೂ ತ್ರಾಣ ಬೇಕಲ್ಲ.

ಮಾರನೇ ಮಧ್ಯಾಹ್ನ ಅವಳೇ ಗ್ಯಾರೇಜಿಗೆ ನಡೆದಳು. ಗಂಡನಿಗೆ ಹೇಳಲಿಲ್ಲ. ಅವಳ ಲೆಕ್ಕಾಚಾರ ಸೀದಾ ಇತ್ತು. ಮೆಕ್ಯಾನಿಕ್ಕಿನ ಬಾಯಲ್ಲಿ 'ಇನ್ನು ಆಗಲ್ಲ' ಅನ್ನುವ ಒಂದು ಮಾತು ಹೊರಡಿಸಿಬಿಟ್ಟರೆ ಕೆಲಸ ಮುಗಿಯಿತು.

ಮೆಕ್ಯಾನಿಕ್ಕಿಗೆ ಊರಿಟ್ಟ ಹೆಸರು ನಿಧಾನಿ. ಇವತ್ತು ಕೊಡುತ್ತೇನೆ ಅಂದ ಗಾಡಿಯನ್ನು ಇವತ್ತೇ ಕೊಟ್ಟ ದಾಖಲೆ ಇರಲಿಲ್ಲ. ಜೀಪಿನ ಅಡಿಯಿಂದ ಅವನ ಕಾಲೆರಡು ಮಾತ್ರ ಕಾಣುತ್ತಿದ್ದವು.

"ಅಕ್ಕ, ಬನ್ನಿ ಬನ್ನಿ" ಅಂದವು ಆ ಕಾಲುಗಳು. ಚಪ್ಪಲಿಯಲ್ಲೇ ಗುರುತು ಹಿಡಿದಿದ್ದ.

"ಹೇಗಿದೆ ನಮ್ಮ ತಾತ?"

ನಿಧಾನಿ ಹೊರಗೆ ಜಾರಿ ಬಂದು, ಕೈ ಒರೆಸಿಕೊಳ್ಳುತ್ತಾ ಕೂತ. "ಇಂಜಿನ್ ಪರವಾಗಿಲ್ಲ. ಕೆಳಗಡೆ ತುಕ್ಕು ಜಾಸ್ತಿ ಆಗಿದೆ. ವೆಲ್ಡಿಂಗ್ ಹೊಡೆದು ಇನ್ನೂ ಒಂದೆರಡು ವರ್ಷ ಎಳೀಬಹುದು. ಇಟ್ಕೊಂಡ್ರೂ ಸರಿ, ಕೊಟ್ರೂ ಸರಿ."

"ಹಾಗೆಲ್ಲ ಎರಡೂ ಕಡೆ ಮಾತಾಡಬೇಡಪ್ಪ. ಆಗಲ್ಲ ಅಂದುಬಿಡು. ನನ್ನ ಭುಜ ಹೋಗ್ತಾ ಇದೆ ಆ ಸಣ್ಣ ಗೇರ್ ಹಿಡಿದು ಹಿಡಿದು. ಆ ರೋಗಕ್ಕೆ ಮದ್ದಿಲ್ಲ ಅಂತ ನೀನೇ ಹೇಳು ಅವರಿಗೆ."

ನಿಧಾನಿ ಅವಳ ಮುಖವನ್ನೇ ನೋಡಿದ. "ಸಣ್ಣ ಗೇರಾ? ಅದೇನ್ ಮಹಾ ಅಕ್ಕ. ಒಳಗೊಂದು ಸ್ಪ್ರಿಂಗು, ಒಂದು ಉಕ್ಕಿನ ಗುಂಡು, ಎರಡೂ ಸವೆದಿವೆ. ಅರ್ಧ ದಿನದ ಕೆಲಸ. ಗಾಡಿ ಬಂದಾಗಲೆಲ್ಲ ಹಾಕಿಕೊಡ್ತೀನಿ ಅಂತೀನಿ. ಅಣ್ಣನೇ ಬೇಡ ಅಂತಾರೆ."

"ಬೇಡ ಅಂತಾರಾ?"

"ಹೂಂ. ಅಕ್ಕನಿಗೆ ಅಭ್ಯಾಸ ಆಗಿಹೋಗಿದೆ, ಅದನ್ನ ಮುಟ್ಟಬೇಡ ಬಿಡು ಅಂತಾರೆ. ನಾನೇನೋ ನಿಮಗೇ ಹಾಗೆ ಬೇಕೇನೋ ಅಂದ್ಕೊಂಡೆ."

ಅವನೆದುರು ತನಗೆ ಗೊತ್ತಿರಲಿಲ್ಲ ಅಂತ ತೋರಿಸಿಕೊಳ್ಳುವುದು ಬೇಡವೆನಿಸಿತು ಟೈಲರಕ್ಕನಿಗೆ. "ಹೌದ್ಹೌದು, ಮರೆತಿದ್ದೆ" ಅಂದು ಎದ್ದುಬಿಟ್ಟಳು.

ಮನೆಗೆ ನಡೆಯುವಾಗ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅರ್ಧ ದಿನದ ಕೆಲಸ. ಆ ಅರ್ಧ ದಿನಕ್ಕೆ ಬದಲಾಗಿ ತನ್ನ ಆರು ವರ್ಷ. ಜಿಪುಣತನವೇ? ಅಲ್ಲ, ಸ್ಪ್ರಿಂಗಿನ ಕಾಸಿಗೆ ಹಿಂದೆಮುಂದೆ ನೋಡುವ ಮನುಷ್ಯ ಅಲ್ಲ ಅವರು. ಸೋಮಾರಿತನವೇ? ಮಿಕ್ಕ ನಟ್ಟು ಬೋಲ್ಟನ್ನೆಲ್ಲ ಭಾನುವಾರ ಕೂತು ಬಿಗಿಯುವವರು ಅವರೇ. ಮತ್ತೇನು? ಹೆಂಡತಿ ಇರುವುದೇ ಹಿಡಿದುಕೊಂಡು ಕೂರುವುದಕ್ಕೆ ಅಂತಲೇ? ರಸ್ತೆ ಬದಿಯ ಕಟ್ಟೆಯ ಮೇಲೆ ಕುಕ್ಕರಿಸಿದಳು.

ಕೂತಾಗ ಗುಡ್ಡದ ತುದಿ ನೆನಪಾಯಿತು. ಅವರು ಜನರೇಟರ್ ಕೋಣೆಯಲ್ಲಿ ಕೆಲಸ ಮಾಡುವಾಗ ಅವಳು ಜೀಪಿನಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು, ಇಲ್ಲವೇ ತೂಕಡಿಸುತ್ತಿದ್ದಳು. ಅವರು ಮಧ್ಯೆ ಮಧ್ಯೆ ಬರುತ್ತಿದ್ದರು. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತಿದ್ದರು. "ನೋಡೇ ಅಲ್ಲಿ, ನಮ್ಮ ಬೀದಿ ಕಾಣುತ್ತೆ" ಅನ್ನುತ್ತಿದ್ದರು. ಪ್ರತಿ ಸಲವೂ ಅದೇ ಬೀದಿ, ಅದೇ ಮಾತು. ಅವಳು ಸೂಜಿಯಿಂದ ತಲೆ ಎತ್ತದೆ ಹೂಂ ಅನ್ನುತ್ತಿದ್ದಳು. ಅದನ್ನು ನೆನೆಸಿಕೊಂಡಾಗ ಅವಳಿಗೆ ಅರ್ಥವಾಗತೊಡಗಿತು. ಅರ್ಥವಾಯಿತು ಅಂತ ಸಿಟ್ಟೇನೂ ಇಳಿಯಲಿಲ್ಲ.

ಯಜಮಾನರು ಹಿತ್ತಲ ನಲ್ಲಿಯ ಹತ್ತಿರ ಬ್ಯಾಟರಿ ಆಸಿಡ್ಡಿನ ಕೈ ತೊಳೆಯುತ್ತಿದ್ದರು. ಅವಳು ಹೋಗಿ ಎದುರಿಗೆ ನಿಂತಳು.

"ನಿಧಾನಿ ಹತ್ತಿರ ಹೋಗಿದ್ದೆ" ಅಂದಳು.

ಅವರು ನಲ್ಲಿ ನಿಲ್ಲಿಸಿದರು. ಅದು ಎಂದಿನಂತೆ ಪೂರ್ತಿ ನಿಲ್ಲಲಿಲ್ಲ.

"ಅರ್ಧ ದಿನದ ಕೆಲಸ ಅಂತೆ."

ಅವರು ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸುತ್ತಾ ನಿಂತರು. ಅವಳೂ ಬಿಡಲಿಲ್ಲ. ಕೊನೆಗೆ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದರು.

"ಮೇಲೆ ಗಾಳಿ ಬಿಟ್ರೆ ಯಾರೂ ಇರಲ್ಲ. ಅಷ್ಟು ವರ್ಷ ಒಬ್ಬನೇ ಹೋಗಿದ್ದೆ, ಏನೂ ಅನ್ಸಿರಲಿಲ್ಲ. ಗೇರ್ ಕೆಟ್ಟಿತು, ನೀನು ಬರೋಕೆ ಶುರು ಮಾಡಿದೆ. ಆಮೇಲೆ ಒಂದಿನ ನಿನಗೆ ಜ್ವರ ಬಂದು, ಪಕ್ಕದ ಮನೆಯವನ್ನ ಕರ್ಕೊಂಡು ಹೋದೆ. ಕೆಲಸ ಎಲ್ಲಾ ಆಯ್ತು. ಆದ್ರೆ ಯಾಕೋ ದಿನಾನೇ ಸಾಗಲಿಲ್ಲ. ಆವಾಗ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಗೇರ್ ಸರಿ ಹೋದ್ರೆ ನೀನು ಬರಲ್ಲ ಅಂತ."

ಟೈಲರಕ್ಕ ಕೇಳಿದಳು. "ನನ್ನ ಭುಜ ನೋಯೋದು ಗೊತ್ತಿತ್ತಾ?"

"ಗೊತ್ತಿತ್ತು." ಅವರು ತಲೆ ಎತ್ತಲಿಲ್ಲ. "ಈ ಸಲ ಮಾಡಿಸಿಬಿಡೋಣ, ಈ ಸಲ ಮಾಡಿಸಿಬಿಡೋಣ ಅಂತ ಪ್ರತಿ ಸಲ ಅಂದ್ಕೊಳ್ತಿದ್ದೆ. ಗ್ಯಾರೇಜಿಗೆ ಹೋದ್ರೆ ಬಾಯಿಗೆ ಬೇರೇನೇ ಬರ್ತಿತ್ತು. ತಪ್ಪು ಕಣೇ. ದೊಡ್ಡ ತಪ್ಪು."

"ಒಂದು ಮಾತು ಕರೀಬಹುದಿತ್ತಲ್ರೀ. ಬಾ ಅಂತ."

"ಕರೆದಿದ್ರೆ ಬರ್ತಿದ್ಯಾ?"

ಬರುತ್ತಿದ್ದೆ ಅಂತ ಹೇಳುವುದಕ್ಕೆ ಬಾಯಿ ತೆರೆದಳು. ಮುಂದಿನ ಕೋಣೆಯಲ್ಲಿ ಕತ್ತರಿಸಿಟ್ಟ ಆಸ್ಪತ್ರೆಯ ಯೂನಿಫಾರಂ ರಾಶಿ ಕಣ್ಣಿಗೆ ಬಂತು. ಅದಕ್ಕೆ ಮೊದಲಿನ ರಾಶಿ, ಅದಕ್ಕೂ ಮೊದಲಿನ ರಾಶಿ ನೆನಪಾದವು. ಗಂಡ ಊಟಕ್ಕೆ ಕೂತು ಏನಾದರೂ ಹೇಳಲು ಶುರು ಮಾಡಿದರೆ, 'ಒಂದು ನಿಮಿಷ, ಈ ಕಾಲರ್ ಮುಗಿಸಿ ಬಂದೆ' ಅಂದ ದಿನಗಳಿಗೆ ಲೆಕ್ಕವಿತ್ತೇ? ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

ಆಮೇಲೆ ಯಜಮಾನರೇ, "ಸ್ಪ್ರಿಂಗ್ ಹಾಕಿಸ್ತೀನಿ, ನಾಳೆನೇ. ಗಾಡಿ ಇರಲಿ. ನೀನು ಬರೋದು ಬೇಡ" ಅಂದರು.

"ಬೇಡ" ಅಂದಳು ಅವಳು. "ಅದನ್ನ ಅಂಗಳದಲ್ಲಿ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತೆ. ನಿಮ್ಮ ಮೇಲೆ ದಿನಾ ಸಿಟ್ಟು ಮಾಡ್ಕೊಳ್ಳೋಷ್ಟು ಶಕ್ತಿ ನನ್ನಲ್ಲಿಲ್ಲ. ಕೊಟ್ಟುಬಿಡಿ."

ಅವರು ನೋಡೋಣ ಅನ್ನಲಿಲ್ಲ. ಎದ್ದು ಹೋಗಿ ಅವಳ ತಮ್ಮನಿಗೆ ತಾವೇ ಫೋನ್ ಮಾಡಿದರು.

ಶನಿವಾರ ಗಾಡಿ ಬದಲಾಯಿತು. ತಮ್ಮ ಇಡೀ ಬೀದಿಗೆ ಕೇಳುವಂತೆ ಬಟನ್ನಿನ ಮಹಿಮೆ ಹೇಳಿದ. ಯಜಮಾನರು ಹಳೇ ಜೀಪಿನಿಂದ ಟಾರ್ಚು, ಹಳೇ ಬಟ್ಟೆ, ಒಂದು ಹಗ್ಗ ಎತ್ತಿಕೊಂಡು ಬಾಗಿಲು ಹಾಕಿದರು. ಸೀಟಿನ ಸಂದಿಯಲ್ಲಿ ಅವಳ ನಾಲ್ಕಾರು ಗುಂಡಿಗಳು ಸಿಕ್ಕಿದ್ದವು, ತಂದು ಮೇಜಿನ ಮೇಲಿಟ್ಟರು. ಭಾನುವಾರವೂ ಇಬ್ಬರ ನಡುವೆ ಊಟ, ಸಾರಿಗೆ ಉಪ್ಪು, ಕರೆಂಟು, ಇಷ್ಟರಲ್ಲೇ ಮಾತು ಮುಗಿಯಿತು.

ಸೋಮವಾರ ಬೆಳಿಗ್ಗೆ ಅವಳು ಮಿಷನ್ನಿಗೆ ಕೂತಿದ್ದಳು. ಆಸ್ಪತ್ರೆಯವರು ಸಂಜೆಗೆ ಬಟ್ಟೆ ಬೇಕೇ ಬೇಕು ಅಂದಿದ್ದರು. ಕೈ ಇನ್ನೂ ನೋಯುತ್ತಲೇ ಇತ್ತು. ಇಂಥ ನೋವು ಗಾಡಿ ಮಾರಿದ ಕೂಡಲೇ ಹೋಗುವಂಥದ್ದಲ್ಲ. ಹೊರಗೆ ಹೊಸ ಗಾಡಿಯ ಬಾಗಿಲು ತೆರೆದು, ಸಾಮಾನಿನ ಚೀಲ ಇಟ್ಟ ಸದ್ದಾಯಿತು. ಇನ್ನೇನು ಹೊರಡುತ್ತಾರೆ ಅಂದುಕೊಂಡಳು. ಸದ್ದು ನಿಂತಿತು. ಹೆಜ್ಜೆ ವಾಪಸ್ಸು ಬಂತು.

ಯಜಮಾನರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ಬರ್ತೀಯಾ?" ಅಂದರು.

ಅಭ್ಯಾಸವಿಲ್ಲದ ಮಾತು, ಬಾಯಲ್ಲಿ ಸರಿಯಾಗಿ ಕೂರಲಿಲ್ಲ. ಅವಳು ಮಿಷನ್ ನಿಲ್ಲಿಸಿದಳು. ಹೊಲಿಯುತ್ತಿದ್ದ ತೋಳನ್ನು ನೋಡಿದಳು, ಪಕ್ಕದ ರಾಶಿಯನ್ನು ನೋಡಿದಳು, ಅವರನ್ನು ನೋಡಿದಳು.

"ಇಲ್ಲ ರೀ. ಇವತ್ತು ಆಗಲ್ಲ."

ಅವರು ಗೊತ್ತಿತ್ತು ಅನ್ನುವ ಹಾಗೆ ತಲೆಯಾಡಿಸಿ ತಿರುಗಿದರು. ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳೇ ಕೂಗಿದಳು.

"ಗುರುವಾರ ಇನ್ನೊಂದು ಗುಡ್ಡ ಇದೆಯಲ್ಲ. ಅವತ್ತೂ ಕೇಳಿ."

"ಅವತ್ತೂ ಇಲ್ಲ ಅಂದ್ರೆ?"

"ಅದರ ಮುಂದಿನ ಸಲ ಕೇಳಿ. ನಾನು ಇಲ್ಲ ಅಂತೀನಿ ಅಂತ ಕೇಳೋದು ಬಿಡಬೇಡಿ."

ಯಜಮಾನರು ಗಾಡಿಯ ಹತ್ತಿರ ಹೋದರು. ಪಕ್ಕದ ಸೀಟಿನ ಮೇಲೆ ಇಟ್ಟಿದ್ದ ಚೀಲವನ್ನು ಎತ್ತಿ ಹಿಂದಕ್ಕೆ ಹಾಕಿ, ಆಮೇಲೆ ಹೊರಟರು.